ಮೌಂಟನ್ ಬೈಕ್‌ನ ಸಸ್ಪೆನ್ಷನ್ ಫೋರ್ಕ್: ಪಶ್ಚಿಮ ಬೆಂಗಳೂರಿನ ದಾರಿಗಳಿಗೆ ತಕ್ಕ ಆಯ್ಕೆ

ಸೈಕಲ್ಲಿನ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲೇ ಫೋರ್ಕ್. ಅದರ ಕಾಲುಗಳು ಒಂದರೊಳಗೊಂದು ಜಾರುವ ಕೊಳವೆಗಳಾಗಿ, ಒಳಗೆ ಸ್ಪ್ರಿಂಗ್ ಅಥವಾ ಒತ್ತಿ ತುಂಬಿದ ಗಾಳಿ ಇದ್ದರೆ ಅದು ಸಸ್ಪೆನ್ಷನ್ ಫೋರ್ಕ್. ನೆಲದ ಏಟನ್ನು ಅಂಗೈಗೆ ತಲುಪುವ ಮುನ್ನ ತಗ್ಗಿಸುವುದು ಇದರ ಒಂದು ಕೆಲಸ. ಚಕ್ರ ನೆಲ ಬಿಟ್ಟು ಏಳದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ನೆಲ ಬಿಟ್ಟ ಚಕ್ರ ಹ್ಯಾಂಡಲ್ ತಿರುಗಿಸಿದತ್ತ ಹೋಗುವುದಿಲ್ಲ, ಬ್ರೇಕ್ ಹಿಡಿದರೆ ನಿಲ್ಲುವುದೂ ಇಲ್ಲ. ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ಇದನ್ನು ಸುಮ್ಮನೆ ‘ಶಾಕ್’ ಎನ್ನುತ್ತಾರೆ.

ಊರಿನ ಪಶ್ಚಿಮ ಮಗ್ಗುಲಿನವರಿಗೆ ಈ ಶಾಕ್ ಬರಿಯ ಷೋಕಿಯ ವಸ್ತುವಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಮುಂಜಾನೆ ಹೊರಟವರಿಗೆ ಬಿಸಿಲೇರುವ ಮೊದಲೇ ಮಣ್ಣುದಾರಿ ಸಿಗುತ್ತದೆ. ನಾಗರಭಾವಿ ದಾಟಿದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಕೆಂಗೇರಿಯಿಂದ ಉತ್ತರಹಳ್ಳಿ ಕಡೆ ತಿರುಗಿದರೆ ತುರಹಳ್ಳಿಯ ಬಂಡೆಗಳ ಕುರುಚಲು ಕಾಡು. ಮಾಗಡಿ ರಸ್ತೆ ಹಿಡಿದರೆ ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ಸಾವನದುರ್ಗ. ಒಂದೊಂದು ಕಡೆಯ ನೆಲವೂ ಬೇರೆ ಬೇರೆ, ಬೇಡುವ ಫೋರ್ಕೂ ಬೇರೆ.

ಅಂಗಡಿಯಲ್ಲಿ ನಡೆಯುವ ಮಾತುಕತೆಗೆ ಮಾತ್ರ ಈ ನೆಲದ ಜೊತೆ ಸಂಬಂಧವೇ ಇರುವುದಿಲ್ಲ. ‘ಎಷ್ಟು ಎಂ.ಎಂ. ಟ್ರಾವೆಲ್? ಲಾಕ್‌ಔಟ್ ಇದೆಯಾ?’ ಎಂಬಲ್ಲಿಗೆ ಕೊಳ್ಳುವವರ ವಿಚಾರಣೆ ಮುಗಿಯುತ್ತದೆ. ಟ್ರಾವೆಲ್ ಎಂದರೆ ಫೋರ್ಕ್ ಪೂರ್ತಿ ಅದುಮಿದಾಗ ಕುಸಿಯುವ ದೂರ, ಲಾಕ್‌ಔಟ್ ಎಂದರೆ ಕುಸಿಯದಂತೆ ಅದನ್ನು ಕಟ್ಟಿಹಾಕುವ ಗುಂಡಿ. ಎರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ನಮ್ಮ ಫ್ರೇಮಿಗೆ ಇದು ಕೂರುತ್ತದೆಯೇ, ಒಳಗೆ ಪುಟಿತವನ್ನು ತಡೆಯುವ ನಿಜವಾದ ಡ್ಯಾಂಪರ್ ಇದೆಯೇ, ಓಡಿಸುವವರ ತೂಕಕ್ಕೆ ಹೊಂದಿಸಲು ಬರುತ್ತದೆಯೇ ಎಂಬ ಮೂರನ್ನು ಮೊದಲು ಕೇಳಿದರೆ ಟ್ರಾವೆಲ್‌ನ ಉತ್ತರ ತಾನಾಗಿಯೇ ಹೊರಬೀಳುತ್ತದೆ.

ಹಿನ್ನೆಲೆ

ಮೌಂಟನ್ ಬೈಕ್ ಹುಟ್ಟಿದ್ದು ಶಾಕ್ ಇಲ್ಲದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಬೆಟ್ಟದಿಂದ ಕೆಳಕ್ಕೆ ಓಡಿಸುತ್ತಿದ್ದರು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ಏಕೆಂದರೆ ಒಂದು ಇಳಿತಕ್ಕೇ ಹಿಂದಿನ ಹಬ್‌ನ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟುಹೋಗಿ, ಮತ್ತೆ ತುಂಬಿಸಬೇಕಾಗುತ್ತಿತ್ತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಮಾರುಕಟ್ಟೆಗೆ ತಂದ ಸ್ಟಂಪ್‌ಜಂಪರ್ ಸೈಕಲ್ಲಿಗೂ ಗಟ್ಟಿ ಫೋರ್ಕೇ ಇತ್ತು. ಜಾರುವ ಕೊಳವೆ, ಒಳಗೆ ಎಣ್ಣೆ ಎಂಬ ಏರ್ಪಾಡು ಬಿ.ಎಂ.ಡಬ್ಲ್ಯೂ. ಮೋಟಾರ್‌ಸೈಕಲ್ಲಿನಲ್ಲಿ 1935ರಲ್ಲೇ ಬಂದಿತ್ತು. ಅದು ಮೌಂಟನ್ ಬೈಕಿಗೆ ಇಳಿಯಲು ಅರ್ಧ ಶತಮಾನವೇ ಹಿಡಿಯಿತು. ಮೋಟಾರ್‌ಸೈಕಲ್ ರೇಸಿನ ಹಿನ್ನೆಲೆಯಿದ್ದ ಪಾಲ್ ಟರ್ನರ್ 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಆರಂಭಿಸಿದರು. ಅವರ ಮೊದಲ ಫೋರ್ಕ್ ಆರ್‌ಎಸ್-1 ಕುಸಿಯುತ್ತಿದ್ದದ್ದು 50 ಮಿ.ಮೀ. ಆಸುಪಾಸು, ಅಷ್ಟೇ. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ನ ಡೌನ್‌ಹಿಲ್ ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಫೋರ್ಕ್‌ನೊಂದಿಗೆ ಗೆದ್ದ ಮೇಲೆ ಗಟ್ಟಿ ಫೋರ್ಕಿನ ಕಾಲ ಮುಗಿಯುತ್ತ ಬಂತು. ಅದೇ ಹೊತ್ತಿಗೆ ಡಗ್ ಬ್ರಾಡ್‌ಬರಿ ಮ್ಯಾನಿಟೂ ಹೆಸರಿನಲ್ಲಿ ಸ್ಪ್ರಿಂಗ್ ಬದಲು ರಬ್ಬರಿನಂಥ ಎಲಾಸ್ಟೋಮರ್ ತುಂಡುಗಳನ್ನು ತುಂಬಿದ ಫೋರ್ಕ್ ತಂದರು. ಎಲಾಸ್ಟೋಮರ್ ಚಳಿಗೆ ಕಲ್ಲಾಗುತ್ತಿತ್ತು, ವರ್ಷ ಕಳೆದಂತೆ ಪುಡಿಯಾಗುತ್ತಿತ್ತು. ಅದು ಈಗ ಹೆಚ್ಚಾಗಿ ಹಳೆಯ ಸೈಕಲ್‌ಗಳಲ್ಲೇ ಕಾಣಸಿಗುತ್ತದೆ. ಮೌಂಟನ್ ಬೈಕಿಂಗ್ ಒಲಿಂಪಿಕ್ಸ್ ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ.

ನಮ್ಮಲ್ಲಿ 1990ರ ದಶಕದ ಹುಡುಗರ ಕನಸಾಗಿದ್ದ ಹೀರೋ ರೇಂಜರ್‌ಗೆ ದಪ್ಪ ಟೈರು, ನೇರ ಹ್ಯಾಂಡಲ್ ಇದ್ದವು, ಶಾಕ್ ಇರಲಿಲ್ಲ. ಫೈರ್‌ಫಾಕ್ಸ್ ಸೈಕಲ್ ಕಂಪನಿ 2005ರಲ್ಲಿ ಶುರುವಾಯಿತು, ಕ್ರೀಡಾ ಸಾಮಗ್ರಿಯ ಮಳಿಗೆ ಡೆಕಾತ್ಲಾನ್ 2009ರಲ್ಲಿ ಬೆಂಗಳೂರಿಗೆ ಬಂತು. ಆ ವರ್ಷಗಳಿಂದ ಮುಂದೆ ಗೇರ್ ಸೈಕಲ್ ಎಂದರೆ ಮುಂದೆ ಶಾಕ್ ಇರಲೇಬೇಕೆಂಬ ನಿರೀಕ್ಷೆ ಬೇರೂರಿತು. ಕರ್ನಾಟಕದಲ್ಲಿ ಸೈಕಲ್ ಕ್ರೀಡೆಯ ತವರು ಬೆಂಗಳೂರಲ್ಲ, ವಿಜಯಪುರ ಮತ್ತು ಬಾಗಲಕೋಟೆ. ಗದಗದ ಗುಡ್ಡಗಳಲ್ಲಿ ರಾಷ್ಟ್ರೀಯ ಮಟ್ಟದ ಮೌಂಟನ್ ಬೈಕ್ ಸ್ಪರ್ಧೆಗಳೂ ನಡೆದಿವೆ. ಬೆಂಗಳೂರಿನ ಪಾಲಿಗೆ ಬಂದಿರುವುದು ಕೊಳ್ಳುವ ಶಕ್ತಿ ಮತ್ತು ಅಂಗಡಿಗಳು.

ಒಳಗಿರುವುದೇನು

ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಫೋರ್ಕಿನಲ್ಲಿ ಮೊದಲು ಫ್ರೇಮಿನ ಒಳಗೆ ಹೋಗುವ ಸ್ಟಿಯರರ್ ಕೊಳವೆ, ಅದರ ಬುಡದಲ್ಲಿ ಕ್ರೌನ್, ಕ್ರೌನಿನಿಂದ ಇಳಿಯುವ ನುಣುಪಾದ ಎರಡು ಸ್ಟ್ಯಾಂಷನ್ ಕೊಳವೆಗಳು, ಅವುಗಳ ಮೇಲೆ ಜಾರುವ ಲೋವರ್ ಸಿಗುತ್ತವೆ. ಲೋವರ್‌ನ ತುದಿಯಲ್ಲಿ ಚಕ್ರದ ಆಕ್ಸಲ್ ಕೂರುತ್ತದೆ. ಸ್ಟ್ಯಾಂಷನ್ ಮತ್ತು ಲೋವರ್‌ಗಳ ಸಂದಿನಲ್ಲಿ ದೂಳು ತಡೆಯುವ ಸೀಲ್, ಅದರ ಕೆಳಗೆ ಎಣ್ಣೆ ಹೀರಿಕೊಂಡ ಸ್ಪಂಜಿನ ಉಂಗುರ, ಇನ್ನೂ ಒಳಗೆ ಬುಷ್. ಸಾಮಾನ್ಯವಾಗಿ ಒಂದು ಕಾಲಿನಲ್ಲಿ ಸ್ಪ್ರಿಂಗ್ ಇದ್ದರೆ ಇನ್ನೊಂದರಲ್ಲಿ ಡ್ಯಾಂಪರ್ ಇರುತ್ತದೆ.

ಸ್ಪ್ರಿಂಗ್ ತನಗೆ ಕೊಟ್ಟ ಶಕ್ತಿಯನ್ನು ಕೂಡಿಟ್ಟು ಹಿಂದಕ್ಕೆ ಕೊಡುತ್ತದೆ, ತಿಂದು ಅರಗಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಅರಗಿಸಿಕೊಳ್ಳುವುದು ಡ್ಯಾಂಪರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾದುಹೋಗಬೇಕಾಗಿ ಬಂದು, ಏಟಿನ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಫೋರ್ಕ್ ಕುಸಿಯುವಾಗಿನ ತಡೆ ಕಂಪ್ರೆಷನ್, ಮೇಲೇಳುವಾಗಿನ ತಡೆ ರೀಬೌಂಡ್. ಡ್ಯಾಂಪರ್ ಇಲ್ಲದ ಫೋರ್ಕಿನಲ್ಲಿ ಕಾರ್ಡ್ ರೋಡಿನ ಪಕ್ಕದ ಗಲ್ಲಿಗಳಲ್ಲಿ ಒಂದರ ಹಿಂದೊಂದು ಬರುವ ಹಂಪ್‌ಗಳನ್ನು ಸ್ವಲ್ಪ ವೇಗವಾಗಿ ದಾಟಿ ನೋಡಿ. ಮೊದಲ ಹಂಪ್ ಮೆತ್ತಗೆ ಕಳೆಯುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಫೋರ್ಕ್ ಇನ್ನೂ ಮೇಲಕ್ಕೆ ಪುಟಿಯುತ್ತಿದ್ದು, ಹ್ಯಾಂಡಲ್ ಕೈಯನ್ನು ಒದೆಯುತ್ತದೆ. ಊರೊಳಗೆ ಇದು ಬರಿಯ ಕಿರಿಕಿರಿ. ತುರಹಳ್ಳಿಯ ಇಳಿಜಾರಿನಲ್ಲಿ ಬಿದ್ದು ಮೊಣಕೈ ತರಚಿಕೊಳ್ಳಲು ಕಾರಣ.

ಅಗ್ಗದ ಸೈಕಲ್‌ಗಳಲ್ಲಿ ‘ಫ್ರಂಟ್ ಸಸ್ಪೆನ್ಷನ್’ ಎಂದು ಬರೆದು ಮಾರುವ ಬಹುಪಾಲು ಫೋರ್ಕ್‌ಗಳಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗ್ ಉಂಟು, ಹೇಳಿಕೊಳ್ಳುವಂಥ ಡ್ಯಾಂಪರ್ ಇಲ್ಲ. ಜಗತ್ತಿನಾದ್ಯಂತ ಮೊದಲ ಹಂತದ ಗೇರ್ ಸೈಕಲ್‌ಗಳಿಗೆ ಹೆಚ್ಚಾಗಿ ಬರುವುದು ತೈವಾನಿನ ಎಸ್‌ಆರ್ ಸನ್‌ಟೂರ್ ಕಂಪನಿಯ ಎಕ್ಸ್‌ಸಿಟಿ, ಎಕ್ಸ್‌ಸಿಎಂ ಮಾಡೆಲ್‌ಗಳು. ಅವು ಗಟ್ಟಿಮುಟ್ಟು, ಬೆಲೆಗೆ ತಕ್ಕ ಮಾಲು. ಆದರೆ ರೀಬೌಂಡ್ ಹೊಂದಿಸಲು ಬೇಕಾದರೆ ಅದೇ ಕಂಪನಿಯ ಎಕ್ಸ್‌ಸಿಆರ್‌ನ ಮೇಲಿನ ಆವೃತ್ತಿಗಳಿಗೆ, ಇಲ್ಲವೇ ರೇಡಾನ್, ಎಪಿಕ್ಸನ್‌ಗಳಿಗೆ, ಅಥವಾ ರಾಕ್‌ಶಾಕ್ಸ್‌ನ ಜೂಡಿ, ರೀಕಾನ್‌ಗಳಿಗೆ ಏರಬೇಕು. ಇನ್ನೂ ಮೇಲೆ ರಾಕ್‌ಶಾಕ್ಸ್‌ನ ಸಿಡ್, ಪೈಕ್, ಲಿರಿಕ್. ಇಲ್ಲವೇ ಫಾಕ್ಸ್ ಕಂಪನಿಯ 32, 34, 36, 38. ಫಾಕ್ಸ್‌ನ ಈ ಸಂಖ್ಯೆಗಳು ಸ್ಟ್ಯಾಂಷನ್ನಿನ ವ್ಯಾಸವನ್ನು ಮಿ.ಮೀ.ನಲ್ಲಿ ಹೇಳುತ್ತವೆ. ದಪ್ಪ ಹೆಚ್ಚಿದಷ್ಟೂ ಫೋರ್ಕ್ ತಿರುಚಿಕೊಳ್ಳುವುದು ಕಡಿಮೆ, ತೂಕ ಜಾಸ್ತಿ. ಅಗ್ಗದ ಫೋರ್ಕ್‌ಗಳಲ್ಲಿ ಇದು 28ರಿಂದ 30 ಮಿ.ಮೀ. ಇರುತ್ತದೆ. ಇಲ್ಲಿನ ದಾರಿಗಳಿಗೆ 32 ಧಾರಾಳ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮುಂದಿನ ಬ್ರೇಕ್ ಬಿಗಿಹಿಡಿದು, ಎದೆಯ ಭಾರವನ್ನೆಲ್ಲ ಹ್ಯಾಂಡಲ್ ಮೇಲೆ ಹಾಕಿ ಅದುಮಿ, ಥಟ್ಟನೆ ಭಾರ ಬಿಡಿ. ಡ್ಯಾಂಪರ್ ಇರುವ ಫೋರ್ಕ್ ಬೇಗ ಮೇಲೆ ಬಂದರೂ ಕೊನೆಯಲ್ಲಿ ನಿಧಾನಿಸಿ ಸದ್ದಿಲ್ಲದೆ ನಿಲ್ಲುತ್ತದೆ. ಇಲ್ಲದ್ದು ‘ಟಕ್’ ಎಂದು ತುದಿಗೆ ಬಡಿದು ನಿಲ್ಲುತ್ತದೆ. ಆಮೇಲೆ ಬಲಗಾಲಿನ ಬುಡ ನೋಡಿ. ರೀಬೌಂಡ್ ಗುಂಡಿ ಅಲ್ಲೇ ಇರುತ್ತದೆ, ಹಲವು ಕಂಪನಿಗಳಲ್ಲಿ ಕೆಂಪು ಬಣ್ಣದ್ದು. ಅದನ್ನು ಪೂರ್ತಿ ಒಂದು ಕಡೆಗೆ, ಮತ್ತೆ ಪೂರ್ತಿ ಇನ್ನೊಂದು ಕಡೆಗೆ ತಿರುಗಿಸಿ ಅದುಮಿದಾಗ ಮೇಲೇಳುವ ವೇಗದಲ್ಲಿ ಎದ್ದುಕಾಣುವ ವ್ಯತ್ಯಾಸ ಬರಬೇಕು. ಬಾರದಿದ್ದರೆ ಗುಂಡಿ ಬರಿಯ ಅಲಂಕಾರ. ಮಾರುವವರು ಕೊಂಚ ಮುಖ ಸಿಂಡರಿಸಬಹುದು, ಅದಕ್ಕೆ ಸಂಕೋಚ ಬೇಡ.

ಸವಾರರ ತೂಕ

ಸುರುಳಿ ಸ್ಪ್ರಿಂಗಿನ ಫೋರ್ಕ್ ಒಂದು ಗೊತ್ತಾದ ತೂಕಕ್ಕೆ ತಯಾರಾಗಿ ಬರುತ್ತದೆ, ಸಾಮಾನ್ಯವಾಗಿ 70-80 ಕೆ.ಜಿ.ಯ ದೊಡ್ಡವರಿಗೆ. ಹೈಸ್ಕೂಲಿನ ಮಗನಿಗೋ ಮಗಳಿಗೋ ‘ಇನ್ನೂ ಬೆಳೀತಾರಲ್ಲ’ ಎಂದು ದೊಡ್ಡ ಸೈಕಲ್ಲನ್ನೇ ಕೊಡಿಸುವುದು ನಮ್ಮ ಮನೆಗಳಲ್ಲಿ ರೂಢಿ. 45 ಕೆ.ಜಿ.ಯ ಹುಡುಗಿ ಆ ಫೋರ್ಕ್ ಮೇಲೆ ಎಷ್ಟು ಎಗರಿದರೂ ಅರ್ಧ ಟ್ರಾವೆಲ್ ಕೂಡ ಕುಸಿಯುವುದಿಲ್ಲ. ಅವಳ ಪಾಲಿಗೆ ಅದು ಎರಡೂವರೆ ಕಿಲೋದ ಗಟ್ಟಿ ಫೋರ್ಕ್. ಎಡಗಾಲಿನ ಮೇಲೆ ಇರುವ ಪ್ರೀಲೋಡ್ ಗುಂಡಿ ತಿರುಗಿಸಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಪ್ರೀಲೋಡ್ ಸ್ಪ್ರಿಂಗನ್ನು ಮೊದಲೇ ಕೊಂಚ ಅದುಮಿ ಇಡುತ್ತದೆ, ಸ್ಪ್ರಿಂಗಿನ ಗಡಸುತನ ಅಷ್ಟೇ ಉಳಿಯುತ್ತದೆ. ಕೆಲವು ಮಾಡೆಲ್‌ಗಳಿಗೆ ಬೇರೆ ಗಡಸುತನದ ಸ್ಪ್ರಿಂಗ್ ಸಿಗುವುದುಂಟು, ಆದರೆ ಅಂಗಡಿಯವರು ತರಿಸಿಕೊಡುವುದು ಅಪರೂಪ.

ಗಾಳಿ ಸ್ಪ್ರಿಂಗಿನ ಫೋರ್ಕಿಗೆ ಈ ತೊಂದರೆ ಇಲ್ಲ. ಒಂದೇ ಫೋರ್ಕನ್ನು ಅಪ್ಪನೂ ಮಗಳೂ ಗಾಳಿ ಹೆಚ್ಚು ಕಡಿಮೆ ಮಾಡಿ ಬಳಸಬಹುದು. ಎಷ್ಟು ಗಾಳಿ ಎಂಬುದನ್ನು ನಿರ್ಧರಿಸುವ ಅಳತೆ ಸ್ಯಾಗ್, ಅಂದರೆ ಸವಾರರು ಸುಮ್ಮನೆ ಏರಿ ಕುಳಿತಾಗಲೇ ಫೋರ್ಕ್ ಕುಸಿಯುವ ಪ್ರಮಾಣ. ಒಟ್ಟು ಟ್ರಾವೆಲ್‌ನ ಶೇಕಡ 15ರಿಂದ 25 ಇದ್ದರೆ ಸರಿ. 100 ಮಿ.ಮೀ. ಫೋರ್ಕಿಗೆ 20 ಮಿ.ಮೀ. ಇಟ್ಟುಕೊಳ್ಳಿ. ಸ್ಟ್ಯಾಂಷನ್ ಮೇಲೆ ರಬ್ಬರ್ ಉಂಗುರ ಇಲ್ಲದಿದ್ದರೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಸೀಲಿನವರೆಗೆ ಇಳಿಸಿ. ಬ್ಯಾಗು, ನೀರಿನ ಬಾಟಲಿ, ಹೆಲ್ಮೆಟ್ ಸಮೇತ, ಗೋಡೆಗೆ ಮೊಣಕೈ ಒರಗಿಸಿಕೊಂಡು ಸೈಕಲ್ ಏರಿ. ಕುಲುಕದೆ ಇಳಿದು ಬ್ಯಾಂಡ್ ಎಷ್ಟು ಮೇಲೆ ಹೋಗಿದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. 30 ಬಂದರೆ ಗಾಳಿ ಸಾಲದು, 10 ಬಂದರೆ ಜಾಸ್ತಿಯಾಯಿತು. ಬ್ಯಾಂಡನ್ನು ಹಾಗೆಯೇ ಬಿಟ್ಟು ಒಂದು ಸುತ್ತು ಮಣ್ಣಿನಲ್ಲಿ ಹೋಗಿಬಂದರೆ ನೀವು ನಿಜಕ್ಕೂ ಎಷ್ಟು ಟ್ರಾವೆಲ್ ಬಳಸುತ್ತೀರಿ ಎಂಬುದೂ ತಿಳಿಯುತ್ತದೆ. ಹೆಚ್ಚು ಟ್ರಾವೆಲ್ ಬೇಕೆಂದು ಹಟ ಹಿಡಿಯುವವರ ಬ್ಯಾಂಡ್ ಎಷ್ಟೋ ಸಲ 60 ಮಿ.ಮೀ. ಸಹ ದಾಟಿರುವುದಿಲ್ಲ.

ಕೂರುತ್ತದೆಯೇ

ಹಳೆಯ ಸೈಕಲ್ಲಿಗೆ ಹೊಸ ಫೋರ್ಕ್ ಹಾಕಿಸುವವರು ಸೋಲುವುದು ಹೆಚ್ಚಾಗಿ ಈ ಹಂತದಲ್ಲಿ. ಸ್ಟಿಯರರ್‌ನಿಂದಲೇ ತೊಡಕು ಶುರು. ಸಾಮಾನ್ಯ ಗೇರ್ ಸೈಕಲ್ಲಿನದು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ, 28.6 ಮಿ.ಮೀ., ಅಂದರೆ ಒಂದೂ ಕಾಲು ಇಂಚಿಗೆ ಸ್ವಲ್ಪ ಕಡಿಮೆ. ಈಚಿನ ಒಳ್ಳೆಯ ಫೋರ್ಕ್‌ಗಳದ್ದು ಬಹುತೇಕ ಟೇಪರ್ಡ್, ಬುಡದಲ್ಲಿ ಒಂದೂವರೆ ಇಂಚಿಗೆ ಅಗಲವಾಗುತ್ತದೆ. ಫ್ರೇಮಿನಲ್ಲಿ ಸ್ಟಿಯರರ್ ಕೂರುವ ಹೆಡ್ ಟ್ಯೂಬಿನ ಒಳವ್ಯಾಸ 44 ಮಿ.ಮೀ. ಇದ್ದರೆ ಕೆಳಗೆ ಹೊರಗಿನಿಂದ ಕೂರುವ ಬೇರಿಂಗ್ ಬಟ್ಟಲು ಹಾಕಿ ಟೇಪರ್ಡ್ ಫೋರ್ಕ್ ಕೂರಿಸಬಹುದು. 34 ಮಿ.ಮೀ. ಇದ್ದರೆ ಯಾವ ಉಪಾಯವೂ ನಡೆಯದು, ನೇರ ಸ್ಟಿಯರರ್‌ನ ಫೋರ್ಕನ್ನೇ ಹುಡುಕಬೇಕು. ಸ್ಟಿಯರರ್ ಮೇಲೆ ಮರೆ ತಿರುಗಿಸಿ ಬಿಗಿಯುವ ಹಳೆಯ ಪದ್ಧತಿಯ ಸೈಕಲ್ಲಿಗೆ ಹೊಸ ಕಾಲದ ಒಳ್ಳೆಯ ಫೋರ್ಕ್ ಕೊಳ್ಳುವ ಯೋಚನೆಯನ್ನೇ ಬಿಡುವುದು ಲೇಸು.

ಸ್ಟಿಯರರ್ ಉದ್ದವನ್ನೂ ನೋಡಬೇಕು. ಹೊಸ ಫೋರ್ಕಿನದು ಉದ್ದವಾಗಿರುತ್ತದೆ, ಫ್ರೇಮಿಗೆ ತಕ್ಕಂತೆ ಕತ್ತರಿಸಬೇಕು. ಸೆಕೆಂಡ್ ಹ್ಯಾಂಡ್ ಫೋರ್ಕನ್ನು ಹಿಂದಿನ ಮಾಲೀಕರು ತಮ್ಮ ಫ್ರೇಮಿನ ಅಳತೆಗೆ ಕತ್ತರಿಸಿರುತ್ತಾರೆ. ಹೆಡ್ ಟ್ಯೂಬ್, ಮೇಲಿನ ಕೆಳಗಿನ ಬೇರಿಂಗ್ ಬಟ್ಟಲು, ಸ್ಪೇಸರ್, ಸ್ಟೆಮ್ಮಿನ ಹಿಡಿತ ಇಷ್ಟನ್ನೂ ಕೂಡಿಸಿ ಸ್ಟಿಯರರ್ ಅಷ್ಟು ಉದ್ದ ಇದೆಯೇ ಎಂದು ಟೇಪು ಹಿಡಿದು ನೋಡದೆ ದುಡ್ಡು ಕೊಡಬಾರದು. ಕಾಮಾಕ್ಷಿಪಾಳ್ಯ, ಪೀಣ್ಯದ ಲೇತ್‌ಗಳಲ್ಲಿ ಏನು ಬೇಕಾದರೂ ಮಾಡಿಸಿಕೊಳ್ಳಬಹುದು ಎಂಬ ಧೈರ್ಯ ಈ ಭಾಗದವರಿಗೆ ಸಹಜ. ಸ್ಟಿಯರರ್ ನೇರವಾಗಿ ಕತ್ತರಿಸಿ ಅಂಚು ನುಣುಪು ಮಾಡಿಸಲು, ಆಕ್ಸಲ್ಲಿಗೆ ಬುಷ್ ತಿರುವಿಸಲು ಅವರಿಗಿಂತ ಒಳ್ಳೆಯ ಕೈ ಇಲ್ಲ. ಆದರೆ ಗಿಡ್ಡ ಸ್ಟಿಯರರ್‌ಗೆ ತುಂಡು ಬೆಸೆಸಿ ಉದ್ದ ಮಾಡಿಸುವುದು ಪ್ರಾಣದ ಜೊತೆ ಆಟ. ಬೆಸುಗೆ ಬಿಟ್ಟರೆ ಹ್ಯಾಂಡಲ್ ಕೈಯಲ್ಲಿ ಉಳಿದು ಸೈಕಲ್ ಬೇರೆ ದಾರಿ ಹಿಡಿಯುತ್ತದೆ. ಮೋಟಾರ್‌ಸೈಕಲ್ಲಿನ ಫೋರ್ಕ್ ಪೈಪಿಗೆ ಹೊಸದಾಗಿ ಕ್ರೋಮ್ ಕೂರಿಸುವುದುಂಟು. ಸೈಕಲ್ಲಿನ ಅಲ್ಯೂಮಿನಿಯಂ ಸ್ಟ್ಯಾಂಷನ್ನನ್ನು ಆ ಕ್ರೋಮ್ ತೊಟ್ಟಿಗೆ ಹಾಕಿಸಬೇಡಿ.

ಚಕ್ರದ ಗಾತ್ರ, ಆಕ್ಸಲ್, ಬ್ರೇಕ್ ಮೂರೂ ಒಟ್ಟಿಗೆ ಬರುವ ವಿಷಯಗಳು. 26, 27.5, 29 ಇಂಚಿನ ಚಕ್ರಗಳ ರಿಮ್ ಅಳತೆ ಕ್ರಮವಾಗಿ 559, 584, 622 ಮಿ.ಮೀ. 29ರ ಚಕ್ರವನ್ನು 27.5ರ ಫೋರ್ಕಿಗೆ ತುರುಕಿದರೆ ನಿಂತಾಗ ಸರಿಯಾಗಿಯೇ ಕಾಣುತ್ತದೆ. ಫೋರ್ಕ್ ಪೂರ್ತಿ ಕುಸಿದಾಗ ಟೈರು ಕ್ರೌನಿಗೆ ಉಜ್ಜಿ ಚಕ್ರ ನಿಂತುಬಿಡಬಹುದು. ಹಳೆಯ ಸೈಕಲ್ಲಿನ ಹಬ್ 9 ಮಿ.ಮೀ. ಕ್ವಿಕ್ ರಿಲೀಸಿನದು, ಅಗಲ 100 ಮಿ.ಮೀ. ಈಗಿನ ಫೋರ್ಕ್‌ಗಳು 15 ಮಿ.ಮೀ. ದಪ್ಪದ ಥ್ರೂ ಆಕ್ಸಲ್ ಕೇಳುತ್ತವೆ. ಅವುಗಳ ಅಗಲ 100 ಇರಬಹುದು, ‘ಬೂಸ್ಟ್’ ಎಂಬ ಅಗಲದ ಮಾದರಿಯಾದರೆ 110. ಹಬ್ ಹೊಂದದಿದ್ದರೆ ಹೊಸ ಚಕ್ರವನ್ನೇ ಕಟ್ಟಿಸಬೇಕು, ಫೋರ್ಕಿನ ಲೆಕ್ಕಕ್ಕೆ ಹಬ್, ಕಡ್ಡಿ, ಕಟ್ಟಿಸುವ ಕೂಲಿಯೂ ಸೇರುತ್ತದೆ. ರಿಮ್ ಹಿಡಿಯುವ ವಿ-ಬ್ರೇಕಿಗೆ ಬೇಕಾದ ಗೂಟಗಳು ಮೇಲ್ದರ್ಜೆಯ ಫೋರ್ಕ್‌ಗಳಲ್ಲಿ ಇಲ್ಲವೇ ಇಲ್ಲ.

ಆಕ್ಸಲ್ಲಿನಿಂದ ಕ್ರೌನಿನವರೆಗಿನ ಎತ್ತರವನ್ನು ಬಹಳ ಜನ ಅಳೆಯುವುದೇ ಇಲ್ಲ. 29 ಇಂಚಿನ 100 ಮಿ.ಮೀ. ಫೋರ್ಕಿನಲ್ಲಿ ಇದು 500ರಿಂದ 510 ಮಿ.ಮೀ. ಆಸುಪಾಸು. ಟ್ರಾವೆಲ್ 20 ಮಿ.ಮೀ. ಹೆಚ್ಚಿದರೆ ಎತ್ತರವೂ ಅಷ್ಟೇ ಹೆಚ್ಚುತ್ತದೆ, ಹೆಡ್ ಟ್ಯೂಬಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. 80 ಮಿ.ಮೀ.ಗೆಂದು ಮಾಡಿದ ಫ್ರೇಮಿಗೆ 120ರ ಫೋರ್ಕ್ ಹಾಕಿದರೆ ಎರಡು ಡಿಗ್ರಿ ಹೋಯಿತು. ಪೆಡಲಿನ ನಡುಗೂಡು ಮೇಲೇರುತ್ತದೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ, ಉದ್ದದ ಫೋರ್ಕ್ ಸನ್ನೆಗೋಲಾಗಿ ಹೆಡ್ ಟ್ಯೂಬಿನ ಬೆಸುಗೆಯನ್ನು ಮೀಟುತ್ತದೆ. ಫ್ರೇಮ್ ಬಿರುಕು ಬಿಟ್ಟರೆ ವಾರಂಟಿಯೂ ಸಿಗುವುದಿಲ್ಲ. ಮೊದಲಿದ್ದ ಟ್ರಾವೆಲ್‌ಗಿಂತ 20 ಮಿ.ಮೀ. ಹೆಚ್ಚಿಗೆ ಸೈ, ಅದರಾಚೆ ಬೇಡ.

ನೆಲಕ್ಕೆ ತಕ್ಕ ಟ್ರಾವೆಲ್

ತಯಾರಕರು ಟ್ರಾವೆಲ್ಲನ್ನು ಬಳಕೆಯ ಪ್ರಕಾರ ವಿಂಗಡಿಸುತ್ತಾರೆ. ಕ್ರಾಸ್ ಕಂಟ್ರಿಗೆ 80-120 ಮಿ.ಮೀ., ಟ್ರೇಲ್ ಸವಾರಿಗೆ 120-150, ಎಂಡ್ಯೂರೋಗೆ 150-180, ಡೌನ್‌ಹಿಲ್‌ಗೆ 200. ಕೊನೆಯ ಎರಡು ಹುಟ್ಟಿಕೊಂಡಿದ್ದು ಲಿಫ್ಟಿನಲ್ಲಿ ಸೈಕಲ್ ಮೇಲಕ್ಕೆ ಒಯ್ದು ಗಂಟೆಗಟ್ಟಲೆ ಇಳಿಯುವ ಪರ್ವತಗಳಲ್ಲಿ. ಬೆಂಗಳೂರಿನಲ್ಲಿ ಏರಿದ್ದಷ್ಟನ್ನೇ ಇಳಿಯಬೇಕು, ಅದೂ ಕೆಲವೇ ನಿಮಿಷ.

ಮೊದಲು ಊರೊಳಗಿನ ರಸ್ತೆ. ರಾಜಾಜಿನಗರದಿಂದ ವಿಜಯನಗರಕ್ಕೆ ದಿನಾ ಓಡಾಡುವವರಿಗೆ ಎದುರಾಗುವುದು ಹಂಪ್, ಗುಂಡಿ, ಜಲಮಂಡಳಿ ಅಗೆದು ಜಲ್ಲಿ ಮುಚ್ಚಿ ಬಿಟ್ಟ ಪಟ್ಟಿ, ಕಾಂಕ್ರೀಟ್ ರಸ್ತೆಯ ಸಂದು. ಇವಕ್ಕೆ ಶಾಕ್‌ಗಿಂತ ಟೈರು ಮುಖ್ಯ. 2.1 ಇಂಚಿನ ಟೈರಿನಲ್ಲಿ ಸವಾರರ ತೂಕ ನೋಡಿಕೊಂಡು 30-35 ಪಿ.ಎಸ್‌.ಐ. ಗಾಳಿ ಇಟ್ಟು ಗಟ್ಟಿ ಫೋರ್ಕ್ ಹಾಕಿದ ಸೈಕಲ್, ಡ್ಯಾಂಪರ್ ಇಲ್ಲದ ಅಗ್ಗದ ಶಾಕ್‌ನ ಸೈಕಲ್ಲಿಗಿಂತ ಹಗುರ, ವೇಗ, ಕೈಗೂ ಹಿತ. ತುಂಬಾ ಜನ ಇದನ್ನು ಒಪ್ಪುವುದಿಲ್ಲ. ಗಟ್ಟಿ ಫೋರ್ಕಿನ ಸೈಕಲ್ ನೋಡಲು ಬಡವಾಗಿ ಕಾಣುತ್ತದೆ ಎಂಬುದೇ ನಿಜವಾದ ಕಾರಣ.

ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮಿಕ್ಕಿದ್ದು. ಮರಗಳ ನಡುವಿನ ಮಣ್ಣುದಾರಿ, ಅಲ್ಲಲ್ಲಿ ಬೇರು, ಮಳೆಗೆ ಕೊರೆದ ಸಣ್ಣ ಕೊರಕಲು ಬಿಟ್ಟರೆ ಬಹುಮಟ್ಟಿಗೆ ಸಮತಟ್ಟು. 80 ಮಿ.ಮೀ. ಇಲ್ಲಿಗೆ ಸಾಕು.

ತುರಹಳ್ಳಿಯ ಕಥೆ ಬೇರೆ. ಬೆಂಗಳೂರಿನ ಬುಡದಲ್ಲಿರುವ ನೈಸ್ ಶಿಲೆ ಇಲ್ಲಿ ಹಾಸುಬಂಡೆಯಾಗಿ ಮೇಲೆದ್ದಿದೆ. ಬಂಡೆಯ ಮೇಲೆ ತೆಳ್ಳಗೆ ಹರಡಿದ ಗರಸು ಮಣ್ಣು, ಬಂಡೆ ಮುಗಿದಲ್ಲಿ ಒಂದಡಿಯ ಧುಮುಕು, ತಕ್ಷಣ ಲಂಟಾನದ ಪೊದೆಗಳ ನಡುವೆ ಕಿರಿದಾದ ತಿರುವು. ವೇಗ ಹೆಚ್ಚಿರುವುದಿಲ್ಲ, ಏಟುಗಳು ಸಣ್ಣವು, ಚೂಪಾದವು, ಒಂದರ ಮೇಲೊಂದು ಬೀಳುವಂಥವು. ಇಂಥಲ್ಲಿ ಬೇಕಾಗುವುದು ಸಣ್ಣ ಕಲ್ಲಿಗೂ ತಡವರಿಸದೆ ಕುಸಿದು ಅಷ್ಟೇ ಬೇಗ ಸಿದ್ಧವಾಗುವ 100ರಿಂದ 120 ಮಿ.ಮೀ. ಗಾಳಿ ಫೋರ್ಕ್. ರೀಬೌಂಡನ್ನು ತೀರ ನಿಧಾನಕ್ಕೆ ಇಟ್ಟರೆ ಸರಣಿ ಏಟುಗಳಿಗೆ ಫೋರ್ಕ್ ಮೇಲೇಳಲು ಸಮಯ ಸಿಗದೆ ಕೆಳಗೇ ಕಚ್ಚಿಕೊಂಡು ಕಲ್ಲಿನಂತಾಗುತ್ತದೆ. ‘ನಿಧಾನ ಇಟ್ಟರೆ ಸುರಕ್ಷಿತ’ ಎಂಬ ಸಲಹೆ ಈ ನೆಲಕ್ಕೆ ಒಗ್ಗುವುದಿಲ್ಲ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಅರಣ್ಯ ಇಲಾಖೆಯ ಯೋಜನೆಯನ್ನು ಸುತ್ತಲಿನ ನಿವಾಸಿಗಳು, ಓಟಗಾರರು, ಸೈಕಲ್ ಸವಾರರು ವಿರೋಧಿಸಿದ್ದರು. ತುರಹಳ್ಳಿ ಅರಣ್ಯ ಇಲಾಖೆಯ ಸುಪರ್ದಿನ ಜಾಗ. ಒಳಗೆ ಸೈಕಲ್ ಬಿಡುತ್ತಾರೆಯೇ ಎಂದು ವಿಚಾರಿಸಿಯೇ ಹೋಗಬೇಕು, ಬ್ರೇಕ್ ಒತ್ತಿ ಚಕ್ರ ಎಳೆದು ಮಣ್ಣು ಕೀಳುವುದನ್ನು ಎಲ್ಲಿಯೂ ಮಾಡಬಾರದು.

ಮಾಗಡಿ ರಸ್ತೆಯ ದಿಕ್ಕಿನಲ್ಲಿ ದಿನವಿಡೀ ಸುತ್ತುವವರು ಡಾಂಬರಿನ ಮೇಲೆಯೇ ಹೆಚ್ಚು ಹೊತ್ತು ಕಳೆಯುತ್ತಾರೆ. 1,226 ಮೀಟರ್ ಎತ್ತರದ ಸಾವನದುರ್ಗದ ಸುತ್ತಿನ ಬಂಡಿದಾರಿ, ಮಂಚನಬೆಲೆಯ ಏರಿಳಿತ, ಹೊಲದ ಬದುಗಳ ನಡುವಿನ ಕೆಮ್ಮಣ್ಣು ಇವರ ಪಾಲಿಗೆ. ಲಾಕ್‌ಔಟ್ ಗುಂಡಿಗೆ ನಿಜವಾದ ಬೆಲೆ ಬರುವುದು ಇಲ್ಲಿ, ಎದ್ದು ನಿಂತು ತುಳಿಯುವ ಡಾಂಬರಿನ ಏರುಗಳಲ್ಲಿ. ಮಣ್ಣಿಗಿಳಿದ ಮೇಲೆ ಅದನ್ನು ಬಿಡಿಸಲು ಮರೆಯಬೇಡಿ. ಕಟ್ಟಿಹಾಕಿದ ಫೋರ್ಕಿಗೆ ದೊಡ್ಡ ಏಟು ಬಿದ್ದರೆ ಒಳಗಿನ ಕವಾಟ ಹಾಳಾಗಬಹುದು. 80-100 ಮಿ.ಮೀ., ಎರಡು ಕಿಲೋದೊಳಗಿನ ಗಾಳಿ ಫೋರ್ಕ್ ಇವರಿಗೆ ಸರಿ. ವರ್ಷಕ್ಕೆ ಒಂದೆರಡು ಸಲ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟದ ದಾರಿಗಳಿಗೆ ಹೋಗುವವರು 120-140 ಕೇಳಿದರೆ ಅರ್ಥವಿದೆ. ಅದಕ್ಕೆ ತಕ್ಕ ಫ್ರೇಮ್ ಇದ್ದರೆ ಮಾತ್ರ.

ಬಾಳಿಕೆ

ಫೋರ್ಕನ್ನು ಕೊಲ್ಲುವುದು ಏಟಲ್ಲ, ದೂಳು ಮತ್ತು ನೀರು. ಅಗ್ಗದ ಫೋರ್ಕಿನ ಸ್ಟ್ಯಾಂಷನ್ ಕ್ರೋಮ್ ಲೇಪಿಸಿದ ಉಕ್ಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಇರಚಲು ಹೊಡೆಯುವ ಬಾಲ್ಕನಿಯಲ್ಲಿ ಬಿಟ್ಟರೆ ಸೀಲಿನ ಅಂಚಿನಲ್ಲೇ ತುಕ್ಕಿನ ಚುಕ್ಕಿ ಏಳುತ್ತದೆ, ಆ ಚುಕ್ಕಿ ಮುಂದಿನ ಸವಾರಿಯಲ್ಲಿ ಸೀಲನ್ನು ಕೊಯ್ಯುತ್ತದೆ. ಕಾರು ತೊಳೆಯುವ ಪ್ರೆಷರ್ ಪಂಪಿನ ನೀರು ಸೀಲಿನ ಒಳಕ್ಕೆ ಕೆಸರನ್ನು ನುಗ್ಗಿಸುತ್ತದೆ. ಬಕೆಟ್ ನೀರು, ಒದ್ದೆ ಬಟ್ಟೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸ್ಟ್ಯಾಂಷನ್ ಮಿರಮಿರ ಮಿಂಚುತ್ತದೆ, ಒಳಗಿನ ಸ್ಪಂಜಿನ ಎಣ್ಣೆ ಮಾತ್ರ ತೊಳೆದುಹೋಗುತ್ತದೆ.

ಲೋವರ್ ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಾಕುವ ಸಣ್ಣ ಸರ್ವಿಸನ್ನು ರಾಕ್‌ಶಾಕ್ಸ್ 50 ಗಂಟೆಗೊಮ್ಮೆ ಮಾಡಿಸಿ ಎನ್ನುತ್ತದೆ. ವಾರಕ್ಕೆ ಮೂರು ಗಂಟೆ ಮಣ್ಣಿನಲ್ಲಿ ಓಡಿಸುವವರಿಗೆ ಅದು ನಾಲ್ಕು ತಿಂಗಳು. ನಮ್ಮಲ್ಲಿ ಇದನ್ನು ಪಾಲಿಸುವವರು ಕಡಿಮೆ. ಸೀಲ್ ಸೋರಿ ಎಣ್ಣೆ ಇಳಿದು ಡಿಸ್ಕ್ ಬ್ರೇಕಿನ ಪ್ಯಾಡ್ ನೆನೆದ ಮೇಲೆಯೇ ಅಂಗಡಿ ನೆನಪಾಗುವುದು. ಕೊಳ್ಳುವ ಮುನ್ನವೇ ಆ ಮಾಡೆಲ್ಲಿನ ಸೀಲ್ ಕಿಟ್ ಊರಿನಲ್ಲಿ ಸಿಗುತ್ತದೆಯೇ, ಬಿಚ್ಚಿ ಕಟ್ಟಲು ಬರುವವರು ಯಾರು ಎಂದು ಕೇಳಿ. ಸೀಲ್ ಸಿಗದ ದುಬಾರಿ ಫೋರ್ಕಿಗಿಂತ ಸೀಲ್ ಸಿಗುವ ಸಾಧಾರಣ ಫೋರ್ಕ್ ಹೆಚ್ಚು ವರ್ಷ ಬಾಳುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸ್ಟ್ಯಾಂಷನ್ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಬೇಡ. ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಸೀಲಿನ ಬಳಿ ಇಟ್ಟು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಅಲ್ಲಿ ಕಟಕಟ ಆಡಿದರೆ ಬುಷ್ ಸವೆದಿದೆ, ಅದರ ರಿಪೇರಿಗೆ ಫೋರ್ಕಿನ ಬೆಲೆಯೇ ಆಗಿಬಿಡುತ್ತದೆ.

ಒಳ್ಳೆಯ ಗಾಳಿ ಫೋರ್ಕಿನ ಬೆಲೆ ಒಂದು ಸಾದಾ ಗೇರ್ ಸೈಕಲ್ಲಿಗೆ ಸಮ. ಆದ್ದರಿಂದ ಅಗ್ಗದ ಫ್ರೇಮಿಗೆ ಅದನ್ನು ಹಾಕಿಸುವ ಬದಲು, ಅಂಥ ಫೋರ್ಕ್ ಜೊತೆಗೇ ಬರುವ ಸೈಕಲ್ಲಿಗೆ ದುಡ್ಡು ಕೂಡಿಡುವುದು ಜಾಣತನ. ಕೊಂಡ ದಿನವೇ ಫೋರ್ಕಿಗೆ ಗಾಳಿ ತುಂಬುವ ಶಾಕ್ ಪಂಪನ್ನೂ ಅದೇ ಬಿಲ್ಲಿನಲ್ಲಿ ತನ್ನಿ. ಫೋರ್ಕಿನ ವಾಲ್ವ್ ಬೈಕು ಕಾರಿನ ಟ್ಯೂಬಿನ ವಾಲ್ವ್‌ನಂಥದ್ದೇ ಆಗಿರುವುದರಿಂದ ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಒಳಗಿನ ಗಾಳಿಗೂಡು ಪುಟ್ಟದು, ಬಂಕಿನ ಗಾಳಿಗೆ ಹದ ತಿಳಿಯದು, ಅಲ್ಲಿ ಮಾತ್ರ ತುಂಬಿಸಬೇಡಿ.